ತಪ್ಪಿಲ್ಲದವರಿಗೆ ಮಾತ್ರ ಮನೆಯೇ?

1966ರ ನವೆಂಬರ್ 16ರ ರಾತ್ರಿ ಬ್ರಿಟನ್ನಿನ ಬಿ.ಬಿ.ಸಿ. ಟೆಲಿವಿಷನ್ ಒಂದೂಕಾಲು ಗಂಟೆಯ ಚಿತ್ರವೊಂದನ್ನು ಪ್ರಸಾರ ಮಾಡಿತು. ಹೆಸರು 'ಕ್ಯಾಥಿ ಕಮ್ ಹೋಮ್'. 'ಕ್ಯಾಥಿ, ಮನೆಗೆ ಬಾ' ಎಂದು ಅದರ ಅರ್ಥ. ಬರಲು ಮನೆಯೇ ಇಲ್ಲದ ಹೆಣ್ಣುಮಗಳನ್ನು ಮನೆಗೆ ಕರೆಯುವ ಈ ಶೀರ್ಷಿಕೆಯಲ್ಲೇ ಚಿತ್ರದ ಕಹಿ ವ್ಯಂಗ್ಯವಿದೆ. ಆ ರಾತ್ರಿ ಅದನ್ನು ನೋಡಿದವರು ಸುಮಾರು 1 ಕೋಟಿ 20 ಲಕ್ಷ ಮಂದಿ. ಅಂದಿನ ಬ್ರಿಟನ್ನಿನ ಜನಸಂಖ್ಯೆಯಲ್ಲಿ ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು. ಬರೆದವರು ಜೆರೆಮಿ ಸ್ಯಾಂಡ್‌ಫರ್ಡ್, ನಿರ್ಮಾಪಕ ಟೋನಿ ಗಾರ್ನೆಟ್, ನಿರ್ದೇಶಕ ಮೂವತ್ತರ ಹರೆಯದ ಕೆನ್ ಲೋಚ್.

ಕಲೆಯಿಂದ ಸಮಾಜ ಬದಲಾಗುತ್ತದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಈ ಚಿತ್ರದ ಹೆಸರು ಬರುತ್ತದೆ. ಒಂದು ಚಿತ್ರ ಇಡೀ ದೇಶವನ್ನು ಅಳಿಸಿತು, ಆ ಕಣ್ಣೀರಿನಿಂದ 'ಶೆಲ್ಟರ್' ಎಂಬ ದೊಡ್ಡ ಸಂಸ್ಥೆ ಹುಟ್ಟಿತು, ಕೊನೆಗೆ ಕಾನೂನೇ ಬದಲಾಯಿತು ಎಂದು ಹೇಳಲಾಗುತ್ತದೆ. ಕೇಳಲು ಹಿತವಾದ ಕಥೆ. ಆದರೆ ಈ ಕಥೆಯಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಪರಿಶೀಲಿಸಿದರೆ, ಬಡವರ ಪರವಾಗಿ ಕಥೆ ಹೇಳುವವರೆಲ್ಲರೂ ಉತ್ತರಿಸಬೇಕಾದ ಒಂದು ಪ್ರಶ್ನೆ ಎದುರಾಗುತ್ತದೆ. ಯಾವ ಬಡವನ ಕಥೆಯನ್ನು ನಾವು ಆರಿಸಿಕೊಳ್ಳುತ್ತೇವೆ? ಆರಿಸದೆ ಬಿಟ್ಟವನ ಗತಿಯೇನು?

ಕ್ಯಾಥಿ ನಡೆದ ದಾರಿ

ಕ್ಯಾಥಿ ಊರು ಬಿಟ್ಟು ಲಂಡನ್ನಿಗೆ ಬರುವ ಯುವತಿ. ಲಾರಿ ಓಡಿಸುವ ರೆಜ್ ಎಂಬವನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಕೈಯಲ್ಲಿ ಸಂಬಳವಿದ್ದಾಗ ಹೊಸ ಫ್ಲ್ಯಾಟ್‌ನಲ್ಲಿ ಸಂಸಾರ ಹೂಡುತ್ತಾರೆ. ಆದರೆ ಆ ಕಟ್ಟಡದಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ಕ್ಯಾಥಿ ಗರ್ಭಿಣಿಯಾಗುತ್ತಾಳೆ. ರೆಜ್ ಅಪಘಾತದಲ್ಲಿ ಗಾಯಗೊಂಡು ಸಂಪಾದನೆ ನಿಲ್ಲುತ್ತದೆ. ಅಲ್ಲಿಂದ ಇಳಿಜಾರು. ಅತ್ತೆಯ ಇಕ್ಕಟ್ಟಾದ ಮನೆ, ಅಲ್ಲಿ ಜಗಳ. ಬಳಿಕ ಒಳ್ಳೆಯ ಮನಸ್ಸಿನ ಮುದುಕಿಯೊಬ್ಬಳ ಬಾಡಿಗೆ ಮನೆ. ಆಕೆ ತೀರಿಕೊಂಡ ಮೇಲೆ ಅಮೀನರು ಬಂದು ಸಾಮಾನು ಬೀದಿಗೆ ಹಾಕುತ್ತಾರೆ. ಮುಂದೆ ಊರ ಹೊರಗೆ ಚಕ್ರದ ಮೇಲಿನ ಮನೆಯಲ್ಲಿ ವಾಸ. ಅಲ್ಲಿ ಸುತ್ತಲಿನವರ ದ್ವೇಷ, ಬೆಂಕಿ. ಕೊನೆಗೆ ಸರಕಾರಿ ಆಶ್ರಯಧಾಮ.

ಆಶ್ರಯಧಾಮದ ನಿಯಮವೇನು ಗೊತ್ತೇ? ಹೆಂಡತಿ ಮಕ್ಕಳಿಗೆ ಜಾಗವಿದೆ, ಗಂಡನಿಗೆ ಇಲ್ಲ. ಸಂಸಾರವನ್ನು ಉಳಿಸಬೇಕಾದ ವ್ಯವಸ್ಥೆಯೇ ಅದನ್ನು ಎರಡಾಗಿ ಸೀಳುತ್ತದೆ. ರೆಜ್ ನಿಧಾನವಾಗಿ ದೂರವಾಗುತ್ತಾನೆ. ಅಲ್ಲಿರುವ ಅವಧಿಯೂ ಮುಗಿಯುತ್ತದೆ. ಕೊನೆಯ ದೃಶ್ಯದಲ್ಲಿ ರೈಲು ನಿಲ್ದಾಣದ ಬೆಂಚಿನಲ್ಲಿ ಮಕ್ಕಳನ್ನು ಅವುಚಿ ಕುಳಿತ ಕ್ಯಾಥಿಯ ಬಳಿಗೆ ಅಧಿಕಾರಿಗಳು ಬರುತ್ತಾರೆ. ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ. ತೆರೆಯ ಮೇಲೆ ಬರಹ ಮೂಡುತ್ತದೆ: ಚಿತ್ರದಲ್ಲಿ ಕಂಡದ್ದೆಲ್ಲವೂ ಕಳೆದ ಹದಿನೆಂಟು ತಿಂಗಳಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು, ಮನೆಯಿಲ್ಲವೆಂಬ ಕಾರಣಕ್ಕೆ ವರ್ಷಕ್ಕೆ 4,000 ಮಕ್ಕಳು ಹೆತ್ತವರಿಂದ ಬೇರ್ಪಡುತ್ತಿದ್ದಾರೆ.

ಕ್ಯಾಮರಾವನ್ನು ಕೈಯಲ್ಲಿ ಹಿಡಿದು ಬೀದಿಗಿಳಿದು ಚಿತ್ರೀಕರಿಸಿದ್ದರಿಂದ ಇದು ನಟನೆಯೋ ವರದಿಯೋ ಎಂದು ನೋಡುಗರಿಗೆ ಭ್ರಮೆಯಾಗುತ್ತದೆ. ಕಥೆಯ ನಡುನಡುವೆ ಬಾಡಿಗೆದಾರರ, ಅಧಿಕಾರಿಗಳ, ನೆರೆಹೊರೆಯವರ ದನಿಗಳು ಹಿನ್ನೆಲೆಯಲ್ಲಿ ಕೇಳಿಬರುತ್ತವೆ. ಅಂಕಿಅಂಶಗಳೂ ಬರುತ್ತವೆ. ಕ್ಯಾಥಿಯಾಗಿ ಕ್ಯಾರೊಲ್ ವೈಟ್ ಅಭಿನಯಿಸಿದ ರೀತಿ ಇಂದಿಗೂ ಮನಸ್ಸನ್ನು ಕಲಕುತ್ತದೆ. ಚಿತ್ರದ ಶಕ್ತಿಯ ಬಗ್ಗೆ ಎರಡು ಮಾತಿಲ್ಲ.

ಕಣ್ಣೀರಿಗೆ ಮುಂಚಿನ ಕೆಲಸ

ಆದರೆ 'ಶೆಲ್ಟರ್' ಸಂಸ್ಥೆ ಈ ಚಿತ್ರದಿಂದ ಹುಟ್ಟಲಿಲ್ಲ. ಚಿತ್ರ ಪ್ರಸಾರವಾದ ಹದಿನೈದು ದಿನಗಳಲ್ಲಿ, ಅಂದರೆ 1966ರ ಡಿಸೆಂಬರ್ 1ರಂದು, ಅದರ ಉದ್ಘಾಟನೆಯಾಯಿತು. ಹದಿನೈದು ದಿನಗಳಲ್ಲಿ ದೇಶವ್ಯಾಪಿ ಸಂಸ್ಥೆಯೊಂದನ್ನು ಕಟ್ಟಲು ಯಾರಿಂದಲೂ ಸಾಧ್ಯವಿಲ್ಲ. ತಯಾರಿ ಮೊದಲೇ ನಡೆದಿತ್ತು. ಬ್ರೂಸ್ ಕೆನ್‌ರಿಕ್ ಎಂಬ ಪಾದ್ರಿ 1963ರಲ್ಲೇ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಬಡವರಿಗೆ ಮನೆ ಒದಗಿಸುವ ಟ್ರಸ್ಟ್ ಕಟ್ಟಿದ್ದರು. ಆ ಅನುಭವದಿಂದಲೇ 'ಶೆಲ್ಟರ್' ರೂಪುಗೊಂಡದ್ದು. ಚಿತ್ರವು ಅದಕ್ಕೆ ಜನರ ಗಮನವನ್ನೂ ಹಣವನ್ನೂ ತಂದುಕೊಟ್ಟಿತು ಎಂಬುದು ನಿಜ.

ಅದಕ್ಕೂ ಹಿಂದಿನ ಚರಿತ್ರೆಯಿದೆ. 1957ರಲ್ಲಿ ಕನ್ಸರ್ವೇಟಿವ್ ಸರಕಾರವು ಬಾಡಿಗೆ ನಿಯಂತ್ರಣವನ್ನು ಸಡಿಲಿಸಿತು. ಹಳೆಯ ಬಾಡಿಗೆದಾರ ಖಾಲಿ ಮಾಡಿದರೆ ಬೇಕಾದಷ್ಟು ಬಾಡಿಗೆ ಏರಿಸಬಹುದೆಂದಾದಾಗ, ಅವನನ್ನು ಖಾಲಿ ಮಾಡಿಸುವ ವಿದ್ಯೆಯೂ ಬೆಳೆಯಿತು. ನಾಟಿಂಗ್ ಹಿಲ್‌ನ ಮನೆ ಮಾಲಿಕ ಪೀಟರ್ ರಾಕ್‌ಮನ್‌ನ ಹೆಸರು ಇಂತಹ ಬೆದರಿಕೆಗೆ ಪರ್ಯಾಯ ಪದವಾಗಿ ಇಂಗ್ಲಿಷ್ ನಿಘಂಟನ್ನೇ ಸೇರಿತು. 1965ರಲ್ಲಿ ಮಿಲ್ನರ್ ಹಾಲಂಡ್ ಸಮಿತಿಯು ಲಂಡನ್ನಿನ ಬಾಡಿಗೆ ಮನೆಗಳ ದುಃಸ್ಥಿತಿಯನ್ನು ವರದಿ ಮಾಡಿತು. ಅದೇ ವರ್ಷದ ಕೊನೆಗೆ ಬ್ರಯಾನ್ ಏಬಲ್-ಸ್ಮಿತ್ ಮತ್ತು ಪೀಟರ್ ಟೌನ್‌ಸೆಂಡ್ ಎಂಬ ವಿದ್ವಾಂಸರು, ಕಲ್ಯಾಣ ರಾಜ್ಯದಲ್ಲಿ ಬಡತನ ಅಳಿದಿದೆ ಎಂಬ ನಂಬಿಕೆ ಸುಳ್ಳೆಂದು ಲೆಕ್ಕ ಸಮೇತ ತೋರಿಸಿದರು. ಮಕ್ಕಳ ಬಡತನದ ವಿರುದ್ಧ ದುಡಿಯುವ 'ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್' ಹುಟ್ಟಿದ್ದೂ 1965ರಲ್ಲೇ.

ಹೀಗೆ ನೆಲ ಹದವಾಗಿತ್ತು, ಬೀಜ ಬಿತ್ತಿಯಾಗಿತ್ತು. ಚಿತ್ರವು ಸಕಾಲದಲ್ಲಿ ಬಂದ ಮಳೆ. ಮಳೆಯನ್ನು ಕೊಂಡಾಡುವ ಭರದಲ್ಲಿ ಉತ್ತವರನ್ನು ಮರೆಯಬಾರದು. ಅಷ್ಟಾದರೂ ಮನೆಯಿಲ್ಲದವರಿಗೆ ಮನೆ ಒದಗಿಸುವುದು ಸ್ಥಳೀಯ ಕೌನ್ಸಿಲ್‌ನ ಕರ್ತವ್ಯವೆಂದು ಸಾರುವ ಕಾನೂನು ಬಂದದ್ದು 1977ರಲ್ಲಿ. ಚಿತ್ರ ಬಂದು ಹನ್ನೊಂದು ವರ್ಷಗಳ ಬಳಿಕ. ನೋಡುಗರ ಕಣ್ಣೀರು ಒಣಗಿದ ಮೇಲೂ ಕರಡು ತಿದ್ದುತ್ತಾ, ಸಂಸದರ ಬಾಗಿಲು ತಟ್ಟುತ್ತಾ ಹನ್ನೊಂದು ವರ್ಷ ಕಾದವರು ಯಾವ ಚಿತ್ರದಲ್ಲೂ ಕಾಣಿಸುವುದಿಲ್ಲ.

ನಿಷ್ಪಾಪಿ ನಾಯಕಿ

ಈಗ ಚಿತ್ರದ ಒಳಗಿನ ಒಂದು ಆಯ್ಕೆಯನ್ನು ಗಮನಿಸೋಣ. ಕ್ಯಾಥಿ ಯಾರು? ತರುಣಿ, ಚೆಲುವೆ, ಬಿಳಿಯಳು, ಮದುವೆಯಾದವಳು, ಮಕ್ಕಳ ತಾಯಿ. ಕುಡಿಯುವವಳಲ್ಲ, ಕದಿಯುವವಳಲ್ಲ. ರೆಜ್ ಕೂಡ ದುಡಿಯುವ ಮನಸ್ಸುಳ್ಳವನು. ಅವರ ಬದುಕಿನಲ್ಲಿ ದುಡುಕುಗಳಿವೆ, ಆದರೆ ಅವು ಯಾರ ಮನೆಯಲ್ಲೂ ನಡೆಯುವಂಥವು. ಅವರ ಪತನಕ್ಕೆ ಕಾರಣಗಳೆಲ್ಲ ಹೊರಗಿನಿಂದ ಬರುತ್ತವೆ: ಅಪಘಾತ, ಮನೆಯೊಡತಿಯ ಸಾವು, ಬೆಂಕಿ, ನಿಯಮ. ನೋಡುಗನಿಗೆ 'ಇವರದ್ದೇ ತಪ್ಪು' ಎನ್ನಲು ಚಿತ್ರವು ಎಡೆಯನ್ನೇ ಕೊಡುವುದಿಲ್ಲ.

ಇದು ಪ್ರಚಾರದ ದೃಷ್ಟಿಯಿಂದ ಜಾಣತನ. 'ಬಡವರು ಸೋಮಾರಿಗಳು' ಎಂದು ನಂಬಿದ ಸಮಾಜದ ಮುಂದೆ ಸೋಮಾರಿಯಲ್ಲದ ಬಡವಳನ್ನು ನಿಲ್ಲಿಸಿದರೆ ಆ ನಂಬಿಕೆ ಅಲುಗಾಡುತ್ತದೆ. ಆದರೆ ಅಲುಗಾಡುವುದು ಎಷ್ಟು? 'ಎಲ್ಲ ಬಡವರೂ ಸೋಮಾರಿಗಳಲ್ಲ, ಕ್ಯಾಥಿಯಂಥವರೂ ಇದ್ದಾರೆ' ಎಂಬಷ್ಟು. ಅರ್ಹ ಬಡವರು, ಅನರ್ಹ ಬಡವರು ಎಂಬ ಎರಡು ಪಟ್ಟಿಗಳು ಹಾಗೇ ಉಳಿಯುತ್ತವೆ. ಕ್ಯಾಥಿಯ ಹೆಸರು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಿ ಈ ಎರಡು ಪಟ್ಟಿಗಳಿಗೆ ಶತಮಾನಗಳ ಇತಿಹಾಸವಿದೆ. 1834ರ ಬಡವರ ಕಾನೂನು ದುಡಿಯಬಲ್ಲವನನ್ನು ನೆರವಿನಿಂದ ದೂರವಿಡಲೆಂದೇ ಕಠಿಣ ದುಡಿಮೆಮನೆಗಳನ್ನು ದೇಶದುದ್ದಕ್ಕೂ ಹರಡಿತು. ಗಂಡನನ್ನು ಹೊರಗಿಡುವ ಆಶ್ರಯಧಾಮ ಆ ಮನೋಭಾವದ ಕೂಸು.

ಇನ್ನೊಂದು ಕೊರತೆಯಿದೆ. ಚಿತ್ರದಲ್ಲಿ ಬಡವರು ನರಳುತ್ತಾರೆ, ದೂರುತ್ತಾರೆ, ಆದರೆ ಒಟ್ಟುಗೂಡುವುದಿಲ್ಲ. ಕ್ಯಾಥಿ ಆಶ್ರಯಧಾಮದ ಸಿಬ್ಬಂದಿಯ ಮೇಲೆ ಒಬ್ಬಳೇ ರೇಗುತ್ತಾಳೆ, ಒಬ್ಬಳೇ ಸೋಲುತ್ತಾಳೆ. ಆದರೆ ಅದೇ 1965-66ರಲ್ಲಿ ಕೆಂಟ್ ಪ್ರಾಂತದ 'ಕಿಂಗ್ ಹಿಲ್' ಎಂಬ ಆಶ್ರಯಧಾಮದಲ್ಲಿ ಏನು ನಡೆಯಿತು? ಗಂಡಂದಿರು ನಿಯಮವನ್ನು ಧಿಕ್ಕರಿಸಿ ಹೆಂಡತಿ ಮಕ್ಕಳ ಜತೆ ಒಳಗೆ ವಾಸ ಮಾಡತೊಡಗಿದರು. ಕೌನ್ಸಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಅದನ್ನು ಮೀರಿದ ತಂದೆಯರು ಜೈಲಿಗೆ ಹೋದರು. ಹೆಂಡತಿ ಮಕ್ಕಳ ಜತೆಗೆ ಮಲಗಿದ್ದೇ ಅವರು ಮಾಡಿದ ಅಪರಾಧ! ಕೊನೆಗೆ ಆಡಳಿತವೇ ಮಣಿಯಬೇಕಾಯಿತು. ಕ್ಯಾಥಿಯ ಸಂಸಾರವನ್ನು ಒಡೆದ ನಿಯಮವನ್ನು ಪ್ರಶ್ನಿಸಿ, ತಗ್ಗಿಸಿದವರು ಆ ನಿಯಮದಡಿ ಬದುಕಿದವರೇ. ಲೋಚ್ ಅವರ ಚಿತ್ರದಲ್ಲಿ ಇಂತಹ ಹೋರಾಟಗಾರರಿಗೆ ಸ್ಥಾನವಿಲ್ಲ. ಮರುಕ ಹುಟ್ಟಿಸಲು ಒಂಟಿ ತಾಯಿ ಬೇಕು. ನಿಯಮ ಮುರಿದು ಜೈಲಿಗೆ ಹೋಗುವ ಗಂಡಸಿನ ಬಗ್ಗೆ ಅಷ್ಟು ಸುಲಭವಾಗಿ ಮರುಕ ಹುಟ್ಟುವುದಿಲ್ಲ.

ಕಾನೂನಿಗೂ ನಿಷ್ಪಾಪಿಯೇ ಬೇಕು

1977ರ ಕಾನೂನು ಒಂದು ದೊಡ್ಡ ಗೆಲುವು. ಲಿಬರಲ್ ಪಕ್ಷದ ಸಂಸದ ಸ್ಟೀಫನ್ ರಾಸ್ ಖಾಸಗಿ ಮಸೂದೆಯಾಗಿ ಮಂಡಿಸಿದ ಅದರ ಹಿಂದೆ 'ಶೆಲ್ಟರ್' ಮೊದಲಾದ ಸಂಸ್ಥೆಗಳ ಜಂಟಿ ಶ್ರಮವಿತ್ತು. ಅದುವರೆಗೆ ಕೌನ್ಸಿಲ್‌ನ ಕೃಪೆಯಾಗಿದ್ದ ಆಸರೆ ಹಕ್ಕಾಯಿತು. ಕ್ಯಾಥಿಯಂತಹ ತಾಯಿಯ ಮಕ್ಕಳನ್ನು ಮನೆಯಿಲ್ಲವೆಂಬ ಕಾರಣಕ್ಕೆ ಕಿತ್ತುಕೊಳ್ಳುವ ಬದಲು ಇಡೀ ಕುಟುಂಬಕ್ಕೆ ಸೂರು ಕೊಡಬೇಕೆಂದಾಯಿತು.

ಆದರೆ ಕಾನೂನಿನ ಬಾಗಿಲಲ್ಲಿ ಮೂವರು ಕಾವಲುಗಾರರು ನಿಂತರು. ಮೊದಲನೆಯವನ ಹೆಸರು 'ಆದ್ಯತೆ': ಮಕ್ಕಳುಳ್ಳವರು, ಗರ್ಭಿಣಿಯರು, ವೃದ್ಧರು, ಅಂಗವಿಕಲರು, ಬೆಂಕಿ ಅಥವಾ ಪ್ರವಾಹದಿಂದ ಮನೆ ಕಳೆದುಕೊಂಡವರು ಒಳಗೆ ಬರಬಹುದು, ಒಂಟಿ ಗಂಡಸು, ಒಂಟಿ ಹೆಂಗಸು ಬಹುಮಟ್ಟಿಗೆ ಹೊರಗೆ. ಎರಡನೆಯವನ ಹೆಸರು 'ಸ್ಥಳೀಯ ಸಂಬಂಧ': ನೀನು ಈ ಊರಿನವನೇ? ಮೂರನೆಯವನೇ ಎಲ್ಲರಿಗಿಂತ ಖಡಕ್. ಅವನ ಹೆಸರು 'ಉದ್ದೇಶ': ನೀನು ಬೇಕೆಂದೇ ಮನೆ ಕಳೆದುಕೊಂಡೆಯಾ? ಮಸೂದೆ ಚರ್ಚೆಯಲ್ಲಿದ್ದಾಗ ಕೌನ್ಸಿಲ್‌ಗಳ ಮತ್ತು ವಿರೋಧಿ ಸಂಸದರ ಒತ್ತಡದಿಂದ ಈ ಮೂರನೆಯವನು ಗಟ್ಟಿಯಾದನು. ಸರದಿ ತಪ್ಪಿಸಿ ಮನೆ ಗಿಟ್ಟಿಸಲು ಜನರು ಬೇಕೆಂದೇ ಬೀದಿಗೆ ಬರುತ್ತಾರೆ ಎಂಬುದು ಅವರ ವಾದ.

ಬೇಕೆಂದೇ ಮಕ್ಕಳೊಂದಿಗೆ ಬೀದಿಗೆ ಬರುವವರು ಎಷ್ಟು ಮಂದಿ ಇರಬಹುದು? ಆದರೆ ಆ ಅನುಮಾನಕ್ಕಾಗಿ ಬಂದವರೆಲ್ಲರೂ ತಮ್ಮ ನಿರ್ದೋಷಿತ್ವವನ್ನು ಗುಮಾಸ್ತನ ಮೇಜಿನ ಮುಂದೆ ವಿವರಿಸಬೇಕಾಯಿತು. ಬಾಡಿಗೆ ಯಾಕೆ ಬಾಕಿಯಾಯಿತು? ಕೆಲಸ ಯಾಕೆ ಬಿಟ್ಟೆ? ಗಂಡನನ್ನು ಯಾಕೆ ತೊರೆದೆ?

ಈ ಕಾನೂನನ್ನೂ ಆ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಚಿತ್ರವು ಯಾರಿಗಾಗಿ ಅಳಲು ಕಲಿಸಿತೋ ಕಾನೂನು ಅವರಿಗೇ ಬಾಗಿಲು ತೆರೆಯಿತು. ಕ್ಯಾಥಿ ಮೂವರು ಕಾವಲುಗಾರರನ್ನೂ ದಾಟಿಕೊಂಡು ಹೋಗಬಲ್ಲಳು. ರೆಜ್ ಒಬ್ಬನೇ ಬಂದಿದ್ದರೆ ಮೊದಲನೆಯವನೇ ತಡೆಯುತ್ತಿದ್ದ. ಕಾನೂನಿನ ಈ ಮಿತಿಗೆ ಚಿತ್ರವೇ ಕಾರಣ ಎನ್ನುವುದು ಅನ್ಯಾಯವಾದೀತು. ಆದರೆ ಎರಡೂ ಒಂದೇ ಮನೋಧರ್ಮದಿಂದ ಬಂದವು. ಆ ಮನೋಧರ್ಮವನ್ನು ಪ್ರಶ್ನಿಸುವ ಅವಕಾಶ ಚಿತ್ರಕ್ಕಿತ್ತು, ಅದು ಪ್ರಶ್ನಿಸಲಿಲ್ಲ.

ಬಾಗಿಲ ಹೊರಗಿನವರು

ಬಾಗಿಲ ಹೊರಗೆ ಉಳಿದವರಲ್ಲಿ ಕರಿಯರು, ಪಾಕಿಸ್ತಾನಿಗಳು, ಭಾರತೀಯರು, ಬಂಗಾಳಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಕ್ಯಾಥಿ ಬಾಡಿಗೆ ಮನೆ ಹುಡುಕುತ್ತಾ ಅಲೆದ ಆ 1966ರಲ್ಲಿ ಬ್ರಿಟನ್ನಿನ ಮನೆ ಮಾಲಿಕನೊಬ್ಬ ಚರ್ಮದ ಬಣ್ಣ ನೋಡಿ ಮನೆ ನಿರಾಕರಿಸಿದರೆ ಅದು ಕಾನೂನುಬಾಹಿರವಾಗಿರಲಿಲ್ಲ. 1965ರ ಜನಾಂಗ ಸಂಬಂಧ ಕಾನೂನು ವಸತಿಯನ್ನು ಮುಟ್ಟಿರಲಿಲ್ಲ. ಮನೆ ಬಾಡಿಗೆಯಲ್ಲಿ ವರ್ಣಭೇದ ನಿಷಿದ್ಧವಾದದ್ದು 1968ರಲ್ಲಿ. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್ ಬಡಾವಣೆಯನ್ನು ಅಧ್ಯಯನ ಮಾಡಿ ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ 1967ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಐದು ವರ್ಷದ ವಾಸದ ನಿಯಮದಿಂದಾಗಿ ವಲಸಿಗರು ಕೌನ್ಸಿಲ್ ಮನೆಗಳಿಂದ ಹೇಗೆ ಹೊರಗುಳಿದರು ಎಂಬ ವಿವರವಿದೆ. ಕೌನ್ಸಿಲ್ ಮನೆಯಿಲ್ಲ, ಬಾಡಿಗೆ ಮನೆಯಿಲ್ಲ. ಉಳಿದದ್ದು ಒಂದೇ ದಾರಿ. ದುಬಾರಿ ಸಾಲದಲ್ಲಿ ಹಳೆಯ ಮನೆ ಕೊಂಡು ಅದರ ಒಂದೊಂದು ಕೋಣೆಯನ್ನೂ ತಮ್ಮವರಿಗೆ ಬಾಡಿಗೆಗೆ ಕೊಡುವುದು. ಆಗ 'ಇವರು ಕೊಳಕರು, ಒಂದೇ ಮನೆಯಲ್ಲಿ ಕಿಕ್ಕಿರಿದು ಬದುಕುತ್ತಾರೆ' ಎಂಬ ಆರೋಪ! ಬಾಗಿಲು ಮುಚ್ಚಿದವರೇ 'ಹೊರಗೆ ಯಾಕೆ ನಿಂತಿದ್ದೀರಿ' ಎಂದು ಕೇಳುವ ಈ ತರ್ಕ ನಮಗೂ ಅಪರಿಚಿತವಲ್ಲ.

ಪೂರ್ವ ಲಂಡನ್ನಿನ ಬಂಗಾಳಿ ಮುಸ್ಲಿಮರ ಅನುಭವ ಇನ್ನೂ ತೀಕ್ಷ್ಣವಾದುದು. ಸಿಲ್ಹೆಟ್‌ನಿಂದ ಬಂದು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ, ಹೋಟೆಲ್‌ಗಳಲ್ಲಿ ದುಡಿದ ಗಂಡಸರು 1970ರ ದಶಕದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳತೊಡಗಿದರು. ಕೌನ್ಸಿಲ್ ಮನೆಗಳು ಖಾಲಿ ಬಿದ್ದಿದ್ದವು, ಆದರೆ ಇವರಿಗೆ ಸಿಗುತ್ತಿರಲಿಲ್ಲ. ಸಿಕ್ಕರೂ ಜನಾಂಗೀಯ ಹಲ್ಲೆ ನಡೆಯುವ ಬೀದಿಗಳಲ್ಲಿ. 1976ರಲ್ಲಿ 'ಬೆಂಗಾಲಿ ಹೌಸಿಂಗ್ ಆ್ಯಕ್ಷನ್ ಗ್ರೂಪ್' ಹುಟ್ಟಿತು. ಕುಟುಂಬಗಳು ಖಾಲಿ ಕಟ್ಟಡಗಳ ಬೀಗ ತೆರೆದು ಒಳಗೆ ಹೋಗಿ ಒಲೆ ಹೊತ್ತಿಸಿದವು. ಒಂದೇ ಕಡೆ ಒಟ್ಟಾಗಿ ಬದುಕಿದರೆ ಹಲ್ಲೆಕೋರರಿಂದ ರಕ್ಷಣೆಯೂ ಸಿಗುತ್ತಿತ್ತು. ಈ ಹೋರಾಟದ ಜತೆಗಿದ್ದವರಲ್ಲಿ ಭಾರತದಲ್ಲಿ ಹುಟ್ಟಿದ ಮಾಲಾ ಸೇನ್ ಮತ್ತು ಫಾರೂಖ್ ಧೋಂಡಿ ಇದ್ದರು. ಮುಂದೆ ಫೂಲನ್ ದೇವಿಯ ಜೀವನಚರಿತ್ರೆ ಬರೆದ ಮಾಲಾ ಸೇನ್ ಇವರೇ.

ಆಮೇಲೆ 1987. ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ ತಾತ್ಕಾಲಿಕ ವಸತಿಯಲ್ಲಿದ್ದ ಹಲವು ಬಂಗಾಳಿ ಕುಟುಂಬಗಳಿಗೆ ನೋಟಿಸು ಕೊಟ್ಟಿತು. 'ನೀವು ಉದ್ದೇಶಪೂರ್ವಕವಾಗಿ ಮನೆ ಕಳೆದುಕೊಂಡವರು' ಎಂಬುದು ಅದರ ಸಾರಾಂಶ. ಹೇಗೆ? ಬಾಂಗ್ಲಾದೇಶದಲ್ಲಿ ಅವರಿಗೊಂದು ಮನೆಯಿತ್ತು. ಅದನ್ನು ಬಿಟ್ಟು ಲಂಡನ್ನಿಗೆ ಬಂದರು. ಆದ್ದರಿಂದ ಅವರು ಬೇಕೆಂದೇ ಮನೆಯಿಲ್ಲದವರಾದರು! ವರ್ಷಗಟ್ಟಲೆ ಲಂಡನ್ನಿನಲ್ಲಿ ದುಡಿದು ತೆರಿಗೆ ಕಟ್ಟಿದ ಗಂಡ ತನ್ನ ಹೆಂಡತಿ ಮಕ್ಕಳೊಂದಿಗೆ ಬದುಕಬಯಸಿದ್ದೇ ಅಪರಾಧವಾಯಿತು. ಕಿಂಗ್ ಹಿಲ್‌ನ ತಂದೆಯರ ಮೇಲಿದ್ದ ಆರೋಪವೂ ಇದೇ ಅಲ್ಲವೇ? ಕ್ಯಾಥಿಗಾಗಿ ಅತ್ತ ದೇಶದಲ್ಲಿ, ಕ್ಯಾಥಿಗಾಗಿ ಬಂದ ಕಾನೂನಿನ ಹೆಸರಿನಲ್ಲಿಯೇ ಇದು ನಡೆಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಇವರ ಬಗ್ಗೆ ಒಂದು ಕೋಟಿ ಜನ ಕುಳಿತು ನೋಡುವ ಚಿತ್ರವನ್ನು ಯಾರೂ ಮಾಡಲಿಲ್ಲ.

ಐವತ್ತು ವರ್ಷಗಳ ಬಳಿಕ

2016ರಲ್ಲಿ ಕೆನ್ ಲೋಚ್ ಎಂಬತ್ತರ ಹೊಸ್ತಿಲಲ್ಲಿ ನಿಂತು ಮತ್ತೆ ಅದೇ ವಿಷಯಕ್ಕೆ ಮರಳಿದರು. ಪಾಲ್ ಲಾವರ್ಟಿ ಬರೆದ 'ಐ, ಡ್ಯಾನಿಯಲ್ ಬ್ಲೇಕ್' ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಡ್ಯಾನಿಯಲ್ ನ್ಯೂಕಾಸಲ್ ನಗರದ 59ರ ಬಡಗಿ. ಹೃದಯಾಘಾತವಾಗಿದೆ, ಕೆಲಸ ಮಾಡಬಾರದೆಂದು ವೈದ್ಯರು ಹೇಳಿದ್ದಾರೆ. ಆದರೆ ಸರಕಾರಿ ನೆರವಿನ ಮೌಲ್ಯಮಾಪನದಲ್ಲಿ ಅಂಕಗಳು ಸಾಲದೆ ಅವನು 'ಕೆಲಸಕ್ಕೆ ಯೋಗ್ಯ' ಎಂದಾಗುತ್ತದೆ. ನಿರುದ್ಯೋಗ ಭತ್ಯೆ ಬೇಕಾದರೆ, ಮಾಡಲಾಗದ ಕೆಲಸವನ್ನು ವಾರಕ್ಕೆ 35 ಗಂಟೆ ಹುಡುಕಬೇಕು. ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು. ಮರದಲ್ಲಿ ಏನನ್ನೂ ಕೆತ್ತಬಲ್ಲ ಆ ಕೈಗೆ ಮೌಸ್ ಹಿಡಿಯಲು ಬರುವುದಿಲ್ಲ.

ಅವನಿಗೆ ಜತೆಯಾಗುವವಳು ಕೇಟಿ. ಎರಡು ಮಕ್ಕಳೊಂದಿಗೆ ಲಂಡನ್ನಿನ ಆಶ್ರಯಧಾಮದ ಒಂದೇ ಕೋಣೆಯಲ್ಲಿದ್ದವಳನ್ನು, ಲಂಡನ್ನಿನಲ್ಲಿ ಮನೆಯಿಲ್ಲವೆಂದು ನೂರಾರು ಮೈಲಿ ದೂರದ ನ್ಯೂಕಾಸಲ್‌ಗೆ ಸಾಗಹಾಕಲಾಗಿದೆ. ಪರಿಚಯವಿಲ್ಲದ ಊರಿನಲ್ಲಿ ಬಸ್ಸು ತಪ್ಪಿ ಕಚೇರಿಗೆ ತಡವಾಗಿ ಬಂದದ್ದಕ್ಕೆ ಅವಳ ಭತ್ಯೆಗೆ ಕತ್ತರಿ. ಉಚಿತ ಆಹಾರ ಹಂಚುವ ಫುಡ್ ಬ್ಯಾಂಕಿನಲ್ಲಿ ಹಸಿವು ತಾಳಲಾರದೆ ಅವಳು ಡಬ್ಬಿಯನ್ನು ಅಲ್ಲೇ ತೆರೆದು ಕೈಯಿಂದ ಬಾಚಿ ತಿನ್ನುವ ದೃಶ್ಯ, ಕ್ಯಾಥಿಯ ರೈಲು ನಿಲ್ದಾಣದ ದೃಶ್ಯದಷ್ಟೇ ಕಟುವಾದದ್ದು.

ಈ ಐವತ್ತು ವರ್ಷಗಳಲ್ಲಿ ನಡೆದದ್ದೇನು? 1968ರಲ್ಲಿ ಬ್ರಿಟನ್ ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿತ್ತು. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರಕಾರ ಕೌನ್ಸಿಲ್ ಮನೆಗಳನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕನ್ನು ಬಾಡಿಗೆದಾರರಿಗೆ ಕೊಟ್ಟಿತು. ಇಂಗ್ಲೆಂಡಿನಲ್ಲಿಯೇ ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬಿಟ್ಟವು. ಅವುಗಳ ಬದಲಿಗೆ ಅಷ್ಟು ಮನೆಗಳನ್ನು ಕಟ್ಟಲಿಲ್ಲ. ಮನೆ ಕೊಡುವ ಕರ್ತವ್ಯ ಕಾನೂನಿನಲ್ಲಿ ಉಳಿಯಿತು, ಕೊಡಲು ಮನೆಗಳು ಉಳಿಯಲಿಲ್ಲ. 2024ರ ಕೊನೆಗೆ ಇಂಗ್ಲೆಂಡಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ತಾತ್ಕಾಲಿಕ ವಸತಿಗಳಲ್ಲಿದ್ದರು. ಕ್ಯಾಥಿಯ ಚಿತ್ರ ತೋರಿಸಿದ ಅಂಕಿ 4,000. ಅದು ಹೆತ್ತವರಿಂದ ಬೇರ್ಪಟ್ಟ ಮಕ್ಕಳದ್ದು, ಇದು ಬೇರೆ ಲೆಕ್ಕ ಎಂಬುದು ಸರಿ. ಆದರೂ ಸಮಸ್ಯೆ ಬಗೆಹರಿದಿದೆ ಎನ್ನಲು ಯಾರಿಗೂ ಬಾಯಿ ಬಾರದು.

ಕಲಾವಿದನಾಗಿ ಲೋಚ್ ಒಂದು ಹೆಜ್ಜೆ ಮುಂದೆ ಬಂದಿದ್ದಾರೆ. ಕೇಟಿ ಅಂಗಡಿಯಲ್ಲಿ ಕದಿಯುತ್ತಾಳೆ, ಮೈ ಮಾರಿಕೊಳ್ಳಲು ಹೋಗುತ್ತಾಳೆ, ಆದರೂ ಚಿತ್ರ ಅವಳ ಕೈಬಿಡುವುದಿಲ್ಲ. ಡ್ಯಾನಿಯಲ್ ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ತನ್ನ ಬೇಡಿಕೆ ಬರೆದಾಗ ಬೀದಿಯ ಜನ ಚಪ್ಪಾಳೆ ತಟ್ಟುತ್ತಾರೆ. ಕ್ಯಾಥಿಗೆ ಈ ಚಪ್ಪಾಳೆಯೂ ಸಿಕ್ಕಿರಲಿಲ್ಲ. ಆದರೆ ನಾಯಕ ಮತ್ತೆ ನಿಷ್ಪಾಪಿಯೇ. ಡ್ಯಾನಿಯಲ್ ಕಾಯಿಲೆ ಬಿದ್ದ ಹೆಂಡತಿಯ ಸೇವೆ ಮಾಡಿದವನು, ಜೀವನವಿಡೀ ದುಡಿದವನು, ನೆರೆಯವರಿಗೆ ನೆರವಾಗುವವನು, ಯಾರಿಗೂ ಬಾಕಿ ಇಡದವನು. ಅವನು ಕುಡುಕನಾಗಿದ್ದರೆ? ಹತ್ತು ವರ್ಷ ಕೆಲಸವೇ ಮಾಡದವನಾಗಿದ್ದರೆ? ಆಗ ಅವನ ಹಸಿವು ಹಸಿವಲ್ಲವೇ?

ಚಿತ್ರದ ವಿರೋಧಿಗಳು ಹಿಡಿದದ್ದೂ ಇದೇ ಎಳೆಯನ್ನು. ಹಿಂದಿನ ಕಲ್ಯಾಣ ಸಚಿವ ಇಯಾನ್ ಡಂಕನ್ ಸ್ಮಿತ್, ಆಗಬಹುದಾದ ಕೆಟ್ಟದ್ದನ್ನೆಲ್ಲ ಒಂದೇ ಕಡೆ ರಾಶಿ ಹಾಕಿದ್ದಾರೆ ಎಂದು ಆಕ್ಷೇಪಿಸಿದರು. ವಿರೋಧಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಈ ಚಿತ್ರ ನೋಡಿ ಎಂದು ಸಂಸತ್ತಿನಲ್ಲಿ ಪ್ರಧಾನಿ ತೆರೆಸಾ ಮೇ ಅವರಿಗೆ ಸಲಹೆ ಕೊಟ್ಟರು. ಡ್ಯಾನಿಯಲ್‌ನಂಥವರು ಇದ್ದಾರೆಯೇ ಇಲ್ಲವೇ ಎಂಬುದೇ ಚರ್ಚೆಯಾಯಿತು. ಡ್ಯಾನಿಯಲ್‌ನಷ್ಟು ಒಳ್ಳೆಯವರಲ್ಲದವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಏಳಲೇ ಇಲ್ಲ. ಮರುವರ್ಷ, 2017ರ ಏಪ್ರಿಲ್‌ನಲ್ಲಿ, ಹೊಸ ನಿಯಮ ಬಂತು: ಆಮೇಲೆ ಹುಟ್ಟುವ ಮೂರನೆಯ ಮಗುವಿಗೆ ಸಾಮಾನ್ಯವಾಗಿ ಹೆಚ್ಚುವರಿ ನೆರವಿಲ್ಲ. ಹೆಚ್ಚು ಮಕ್ಕಳು ಹೆತ್ತವರ ಆಯ್ಕೆ ಎಂಬುದು ತರ್ಕ. ಬಲಾತ್ಕಾರದಿಂದ ಹುಟ್ಟಿದ ಮಗುವಾದರೆ ವಿನಾಯಿತಿಯಿತ್ತು, ಆದರೆ ತಾಯಿ ಅದನ್ನು ತಿಳಿಸಬೇಕಿತ್ತು. ತಪ್ಪಿಲ್ಲವೆಂದು ತೋರಿಸಿಕೊಳ್ಳುವ ಅವಮಾನ ಇದಕ್ಕಿಂತ ಕೆಳಗೆ ಇಳಿಯಬಲ್ಲುದೇ? ಸಂಘಟನೆಗಳು ವರ್ಷಗಳ ಕಾಲ ಹೋರಾಡಿದ ಮೇಲೆ, ಈ ಮಿತಿಯನ್ನು 2026ರ ಏಪ್ರಿಲ್‌ನಿಂದ ರದ್ದು ಮಾಡುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಸರಕಾರ ಘೋಷಿಸಿತು. ಅದಕ್ಕಾಗಿ ಹೋರಾಡಿದವರಲ್ಲಿ 1965ರಲ್ಲಿ ಹುಟ್ಟಿದ ಅದೇ 'ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್' ಇತ್ತು.

ದೂರು ಕೊಡುವ ಬಡವರು

ಕೆನ್‌ರಿಕ್ ಪಾದ್ರಿ ಕೆಲಸ ಆರಂಭಿಸಿದ ನಾಟಿಂಗ್ ಹಿಲ್ ಇರುವ ಕೆನ್ಸಿಂಗ್ಟನ್ ಪ್ರದೇಶದಲ್ಲೇ 2017ರ ಜೂನ್ 14ರಂದು 24 ಅಂತಸ್ತುಗಳ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಮಂದಿ ಸತ್ತರು. ಅದು ಕೌನ್ಸಿಲ್ ಕಟ್ಟಡ. ನಿವಾಸಿಗಳಲ್ಲಿ ಬಹಳಷ್ಟು ಮಂದಿ ಮೊರಾಕ್ಕೊ, ಸೊಮಾಲಿಯಾ, ಬಾಂಗ್ಲಾದೇಶ, ಸಿರಿಯಾ ಮುಂತಾದ ಕಡೆಗಳಿಂದ ಬಂದವರು. ರಮಝಾನ್ ತಿಂಗಳಾದ್ದರಿಂದ ರಾತ್ರಿ ಎಚ್ಚರವಿದ್ದ ಮುಸ್ಲಿಮರು ಬಾಗಿಲು ಬಡಿದು ನೆರೆಯವರನ್ನು ಎಬ್ಬಿಸಿದರು.

ಇಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಗ್ರೆನ್‌ಫೆಲ್ ನಿವಾಸಿಗಳು ಮೂಕರಾಗಿರಲಿಲ್ಲ. ಅವರ ಗುಂಪು ಬೆಂಕಿಯ ಅಪಾಯದ ಬಗ್ಗೆ ವರ್ಷಗಳಿಂದ ಬರೆಯುತ್ತಿತ್ತು. ದೊಡ್ಡ ದುರಂತ ನಡೆದ ಮೇಲಷ್ಟೇ ಆಡಳಿತ ಎಚ್ಚರಗೊಳ್ಳಲಿದೆ ಎಂದು 2016ರ ನವೆಂಬರ್‌ನಲ್ಲೇ, ಅಂದರೆ ಡ್ಯಾನಿಯಲ್ ಬ್ಲೇಕ್‌ಗಾಗಿ ಚಿತ್ರಮಂದಿರಗಳಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿದ್ದ ದಿನಗಳಲ್ಲೇ, ಅವರು ಎಚ್ಚರಿಸಿದ್ದರು. ಆಡಳಿತದ ಕಣ್ಣಿಗೆ ಅವರು ತಂಟೆಕೋರರು. 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿಯು, ಎಲ್ಲ ಸಾವುಗಳನ್ನೂ ತಪ್ಪಿಸಬಹುದಿತ್ತು ಎಂದು ಹೇಳಿತು. ಅಳುವ ಬಡವಳನ್ನು ಸಮಾಜ ಬೇಗ ಅಪ್ಪಿಕೊಳ್ಳುತ್ತದೆ. ದೂರು ಬರೆದು, ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಬಡವನನ್ನು ಸತ್ತ ಮೇಲಷ್ಟೇ ಅಪ್ಪಿಕೊಳ್ಳುತ್ತದೆ.

ನಮ್ಮಲ್ಲಿ ಇಂತಹ ಬಡವರಿಗೆ ಮಾತು ಕೊಟ್ಟ ಚಿತ್ರವೊಂದಿದೆ. ಆನಂದ್ ಪಟವರ್ಧನ್ ಅವರ 'ಹಮಾರಾ ಶಹರ್' (1985). ಮುಂಬಯಿಯ ಕೊಳೆಗೇರಿಗಳನ್ನು ಕೆಡಹುವ ಕಾರ್ಯಾಚರಣೆಯ ನಡುವೆ, ಗುಡಿಸಲು ಕಳೆದುಕೊಂಡ ಹೆಂಗಸೊಬ್ಬಳು ಸಿಟ್ಟಿನಿಂದ ನಿರ್ದೇಶಕನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಮ್ಮ ಚಿತ್ರ ತೆಗೆದು ನಿಮಗೇನು ಲಾಭ, ನಮಗೇನು ಸಿಗುತ್ತದೆ ಎಂಬುದು ಅವಳ ಪ್ರಶ್ನೆಯ ತಿರುಳು. ಪಟವರ್ಧನ್ ಅದನ್ನು ಕತ್ತರಿಸದೆ ಚಿತ್ರದಲ್ಲೇ ಉಳಿಸಿಕೊಂಡರು. ಆ ಹೆಂಗಸು ಮರುಕ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾಳೆ. ಅವಳು ಒಳ್ಳೆಯವಳೋ ಕೆಟ್ಟವಳೋ ಎಂದು ನಮಗೆ ಗೊತ್ತಿಲ್ಲ. ಅದು ನಮಗೆ ಬೇಕಾಗಿಯೂ ಇಲ್ಲ. ಆದರೆ ನಮ್ಮ ಆಡಳಿತಕ್ಕೂ ತನ್ನದೇ ಕಾವಲುಗಾರನಿದ್ದಾನೆ. ಮುಂಬಯಿಯಲ್ಲಿ ಪುನರ್ವಸತಿ ಪಡೆಯಲು 1995ರ ಜನವರಿ 1ಕ್ಕೆ ಮುಂಚೆ, ಬಳಿಕ 2000ದ ಜನವರಿ 1ಕ್ಕೆ ಮುಂಚೆ ಬಂದವನೆಂದು ದಾಖಲೆ ತೋರಿಸಬೇಕೆಂದಾಯಿತು. ಅಲ್ಲಿ ಉದ್ದೇಶದ ಪ್ರಶ್ನೆ, ಇಲ್ಲಿ ತಾರೀಖಿನ ಪ್ರಶ್ನೆ. ಎರಡಕ್ಕೂ ಉತ್ತರ ಕೊಡಬೇಕಾದವನು ಬೀದಿಯಲ್ಲಿ ನಿಂತವನೇ.

ಹಾಗಾದರೆ ಕ್ಯಾಥಿಯ ಕಥೆ ಬೇಡವಾಗಿತ್ತೇ? ಬೇಕಿತ್ತು. ಪ್ರಚಾರಕ್ಕೆ ಒಂದು ಮುಖ ಬೇಕು, ಸಂಸತ್ತಿನಲ್ಲಿ ಮತ ಬೇಕು. ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ತೆರೆಯಲಾಗದು ಎಂಬ ಹೋರಾಟಗಾರರ ಮಾತಿನಲ್ಲಿ ಹುರುಳಿದೆ. ಕ್ಯಾಥಿಯಿಲ್ಲದೆ 1977ರ ಕಾನೂನು ಇನ್ನಷ್ಟು ತಡವಾಗುತ್ತಿತ್ತೇನೋ. ಆದರೆ ಮೊದಲ ಬಾಗಿಲು ತೆರೆದವರು ಅಲ್ಲೇ ನಿಂತುಬಿಟ್ಟರೆ ಆ ಬಾಗಿಲೇ ಗೋಡೆಯಾಗುತ್ತದೆ. ಮುಂದೆ ಹೋಗಲು ಸಾಧ್ಯವಿದೆ ಎಂಬುದಕ್ಕೆ ಸ್ಕಾಟ್‌ಲ್ಯಾಂಡ್ ಸಾಕ್ಷಿ. ಅಲ್ಲಿ 2003ರಲ್ಲಿ ಕಾನೂನು ಮಾಡಿ, 2012ರ ಕೊನೆಗೆ 'ಆದ್ಯತೆ' ಎಂಬ ಮೊದಲನೆಯ ಕಾವಲುಗಾರನನ್ನು ಮನೆಗೆ ಕಳುಹಿಸಿದರು. ಒಂಟಿ ಗಂಡಸಿಗೂ ಹಕ್ಕು ದೊರೆಯಿತು. ಮನೆಗಳ ಕೊರತೆ ಅಲ್ಲೂ ಇದೆ, ಕ್ಯೂ ಅಲ್ಲೂ ಉದ್ದವಾಗಿದೆ. ಆದರೆ ಆ ಕ್ಯೂನಲ್ಲಿ ನಿಲ್ಲಲು ರೆಜ್‌ಗೂ ಜಾಗವಿದೆ.

ಚಳಿ ಒಳ್ಳೆಯವನನ್ನೂ ಕೆಟ್ಟವನನ್ನೂ ಒಂದೇ ರೀತಿ ನಡುಗಿಸುತ್ತದೆ. ನಡತೆಯ ಪ್ರಮಾಣಪತ್ರ ನೋಡಿ ಕೊಡುವ ಸೂರು, ಅದನ್ನು ಸರಕಾರವೇ ಕೊಟ್ಟರೂ, ಭಿಕ್ಷೆಯೇ ಆಗಿ ಉಳಿಯುತ್ತದೆ. ಬಡವರ ಪರವಾಗಿ ಚಿತ್ರ ಮಾಡುವವರು, ಕಥೆ ಬರೆಯುವವರು, ಪತ್ರಿಕೆ ನಡೆಸುವವರು ಇನ್ನು ಮುಂದೆ ಕ್ಯಾಥಿಯ ಜತೆಗೆ ಇನ್ನೊಬ್ಬನನ್ನೂ ಹುಡುಕಬೇಕಾಗಿದೆ: ನಮಗೆ ಇಷ್ಟವಾಗದ, ನಮಗೆ ಎದುರು ಮಾತಾಡುವ, ತಪ್ಪು ಮಾಡಿದ ಒಬ್ಬ ಬಡವನನ್ನು. ಅವನ ಕಥೆಯನ್ನು ಓದಿ ಮುಗಿಸಿದ ಮೇಲೂ 'ಇವನಿಗೂ ಮನೆ ಸಿಗಬೇಕು' ಎಂದು ಓದುಗ ಹೇಳುವಂತಾದರೆ, ಅಂದು ಮನೆ ಹಕ್ಕಾಗುತ್ತದೆ.